ನೀಲದೊಳಗಿನ ಹಕ್ಕಿ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲೇರಿ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಒಂದು ಉಂಗುರವನ್ನು ಮೇಜಿನ ಮೇಲಿಟ್ಟು, "ನನ್ನ ಮೇಲೆ ಒಂದು ಕಂಪ್ಲೇಂಟ್ ಬರ್ಕೊಳ್ಳಿ" ಎಂದಳು.

ದಫೇದಾರರು ಕೆಮ್ಮಿದರು. ಅವರಿಗೆ ಕೆಮ್ಮಿನ ಕಾಯಿಲೆಯೇನೂ ಇರಲಿಲ್ಲ. ಒಪ್ಪಿಗೆಯಾಗದ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರ ಬಾಯಿಗಿಂತ ಮೊದಲು ಗಂಟಲು ಉತ್ತರ ಕೊಡುತ್ತಿತ್ತು.

"ನಿಮ್ಮ ಮೇಲೆ ನೀವೇ ದೂರು ಕೊಡೋಕಾಗಲ್ಲಮ್ಮ."

"ಹಾಗಿದ್ರೆ ನಮ್ಮತ್ತೆ ಹೇಳಿದ್ರು ಅಂತ ಬರ್ಕೊಳ್ಳಿ. ಅವರ ನೀಲದ ಹರಳನ್ನ ನಾನು ಕದ್ದು ಬೇರೆ ಕೂರಿಸ್ಕೊಂಡು ಬಂದಿದ್ದೀನಂತೆ. ಮನೆ ಹುಡುಕಿ, ನನ್ನ ತವರುಮನೆ ಹುಡುಕಿ. ಸಿಕ್ರೆ ಒಳಗೆ ಹಾಕಿ. ಸಿಗದಿದ್ರೆ ಯಾರ ಹತ್ರ ಇದೆ ಅಂತ ಹೇಳಿ. ಎರಡರಲ್ಲಿ ಒಂದು ಆಗೋತನಕ ನಾನು ಆ ಮನೆಗೆ ಕಾಲಿಡಲ್ಲ."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಕಡತ ಮುಚ್ಚಿ ಹೊರಗೆ ಬಂದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆ ಅತ್ತೆ ಸೊಸೆಯರ ಜಗಳ ಎಷ್ಟೋ ಬಿಡಿಸಿದ್ದಳು. ಆದರೆ ತನ್ನನ್ನೇ ಹಿಡಿಯಿರಿ ಎಂದು ಬಂದ ಸೊಸೆಯನ್ನು ಕಂಡದ್ದು ಇದೇ ಮೊದಲು.

"ಉಂಗುರ ನಿಮ್ಮ ಕೈಗೆ ಯಾಕೆ ಬಂತು?"

"ಕಾಯಿಲೆ ಬಿದ್ದ ಮೇಲೆ ಅತ್ತೆ ಬೆರಳು ಸಣ್ಣಗಾಗಿದೆ. ಉಂಗುರ ಜಾರ್ತಿತ್ತು. ಚಿಕ್ಕದು ಮಾಡಿಸ್ಕೊಂಡು ಬಾ ಅಂತ ಅವರೇ ಕೊಟ್ರು. ಅಂಗಡಿಗೆ ಕೊಟ್ಟೆ, ನಾಲ್ಕು ದಿನ ಬಿಟ್ಟು ತಂದೆ. ಕೈಗೆ ಹಾಕ್ಕೊಂಡು ಒಂದ್ಸಲ ನೋಡಿದ್ರು, ಕಿತ್ತು ನನ್ನ ಮುಖಕ್ಕೆ ಎಸೆದ್ರು. ಹಕ್ಕಿ ಎಲ್ಲಿ ಅಂದ್ರು."

"ಹಕ್ಕಿಯಾ?"

"ಹರಳೊಳಗೆ ಹಕ್ಕಿ ಇತ್ತಂತೆ ಮೇಡಂ. ಅದನ್ನೂ ನಾನೇ ಹಾರಿಸಿಬಿಟ್ಟೆನಂತೆ." ಹೆಂಗಸಿನ ಧ್ವನಿ ಅಲ್ಲಿಯವರೆಗೂ ಗಟ್ಟಿಯಾಗಿತ್ತು, ಈಗ ಒಡೆಯಿತು. "ಅವರಿಗೆ ನೆನಪು ಅಷ್ಟಕ್ಕಷ್ಟೆ. ಮೊನ್ನೆ ಹೆತ್ತ ಮಗನನ್ನೇ ಯಾರಪ್ಪ ನೀನು ಅಂದ್ರು. ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ನನ್ನ ಗಂಡ... ಅಮ್ಮನಿಗೆ ವಯಸ್ಸಾಯ್ತು ಬಿಡು ಅಂತ ಬಾಯಲ್ಲಿ ಹೇಳ್ತಾರೆ. ರಾತ್ರಿ ನನ್ನ ಬೀರು ತೆಗೆದು ನೋಡಿದ್ದಾರೆ. ಸೀರೆ ಮಡಿಕೆ ಬದಲಾಗಿತ್ತು."

ಇನ್‌ಸ್ಪೆಕ್ಟರ್ ದಫೇದಾರರ ಕಡೆ ತಿರುಗಿದಳು. "ಎಫ್‌ಐಆರ್ ಹಾಕಿ. ಆರೋಪಿ ಅಪರಿಚಿತ ಅಂತ ಬರೀರಿ."

ಈ ಸಲ ದಫೇದಾರರು ಕೆಮ್ಮಲಿಲ್ಲ.

ಮನೆಯಲ್ಲಿ ಮುದುಕಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಗ ಬಾಗಿಲ ಬಳಿ ನಿಂತು, "ಅಮ್ಮನ ಮಾತನ್ನ ಅಷ್ಟು ಮನಸ್ಸಿಗೆ ತಗೋಬೇಡಿ" ಎಂದು ಎರಡು ಸಲ ಹೇಳಿದ. ಇನ್‌ಸ್ಪೆಕ್ಟರ್ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಅಜ್ಜಿ, ಹಕ್ಕಿ ಹೇಗಿತ್ತು?"

"ಬಲಗಡೆ ಅಂಚಲ್ಲಿ. ಬೆಳಕಿಗೆ ಹಿಡಿದು ಒಂಚೂರು ವಾಲಿಸ್ಬೇಕು. ಒಂದು ರೆಕ್ಕೆ ಉದ್ದ, ಇನ್ನೊಂದು ಮುರಿದಂಗೆ. ಬೆಳ್ಳಗೆ. ನಂಗೆ ಜ್ವರ ಬಂದ್ರೆ ನಮ್ಮಮ್ಮ ಉಂಗುರ ಬಿಚ್ಚಿ ಕೈಗೆ ಕೊಡೋಳು, ಹಕ್ಕಿ ಎಬ್ಬಿಸು ನೋಡೋಣ ಅಂತ."

ಪೆನ್ನು ಕೊಟ್ಟಾಗ ಹಕ್ಕಿಯ ಚಿತ್ರ ಬರೆದಳು. ಇನ್‌ಸ್ಪೆಕ್ಟರ್ ಹಾಳೆ ಮಡಚಿಟ್ಟುಕೊಂಡು ಬೇರೆ ಮಾತೆತ್ತಿದಳು. ಕಾಲುನೋವು, ನಿದ್ದೆ, ಮೊಮ್ಮಕ್ಕಳು. ಸ್ವಲ್ಪ ಹೊತ್ತಿನಲ್ಲೇ ಮುದುಕಿ ಅವಳನ್ನು ದಿಟ್ಟಿಸಿ, "ನೀನ್ಯಾರಮ್ಮ? ನರ್ಸಾ?" ಎಂದಳು. ಹೌದೆಂದು ತಲೆಯಾಡಿಸಿ ಇನ್ನೊಂದು ಹಾಳೆ ಮುಂದಿಟ್ಟು ಹಕ್ಕಿ ಬರೆಯಲು ಹೇಳಿದಾಗ ಅದೇ ಉದ್ದ ರೆಕ್ಕೆ, ಅದೇ ಮುರಿದ ರೆಕ್ಕೆ ಬಂತು. ಎರಡೂ ಹಾಳೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಗೆರೆಗಳು ಹೆಚ್ಚುಕಡಿಮೆ ಕೂಡುತ್ತಿದ್ದವು.

ಒಡವೆ ಅಂಗಡಿ ಪೇಟೆಯ ತಿರುವಿನಲ್ಲಿತ್ತು. ಮುಂದೆ ಗಾಜಿನ ಕಪಾಟುಗಳ ಥಳಕು. ಹಿಂದಿನ ಕೋಣೆಯಲ್ಲಿ ಕರಿಹಿಡಿದ ಗೋಡೆ, ಊದುಗೊಳವೆ, ಚಿಮಟ. ಚಿನ್ನದ ಪುಡಿ ಚೆಲ್ಲದಿರಲೆಂದು ಮೇಜಿನ ಕೆಳಗೆ ಚರ್ಮದ ಜೋಳಿಗೆ. ಪೊಲೀಸರನ್ನು ಕಂಡದ್ದೇ ಮಾಲೀಕ ಗಿರಾಕಿಗಳಿಗೆ ಕೈಮುಗಿದು ಸಾಗಹಾಕಿದ.

"ಮೇಡಂ, ಅರಳುಮರುಳು ಮುದುಕಿ ಮಾತು ಕಟ್ಕೊಂಡು ನಮ್ಮ ಮುಖಕ್ಕೆ ಮಸಿ ಬಳೀಬೇಡಿ."

"ಉಂಗುರ ಯಾರ್ಯಾರ ಕೈಗೆ ಹೋಯ್ತು?"

"ನನ್ನ ಕೈಯಿಂದ ಅಕ್ಕಸಾಲಿ ಕೈಗೆ. ಬೆಸುಗೆ ಬಿಸಿಗೆ ಹರಳು ಕೆಡಬಾರದು ಅಂತ ಅವನು ಮೊದಲು ಅದನ್ನ ಬಿಚ್ತಾನೆ. ಪೊಟ್ಟಣ ಕಟ್ಟಿ ಮಾವನ ಹತ್ರ ಇಡ್ತೀವಿ. ಉಂಗುರ ಆದ ಮೇಲೆ ಮಾವ ಹರಳು ಕೊಡ್ತಾರೆ, ಅಕ್ಕಸಾಲಿ ಕೂರಿಸ್ತಾನೆ."

"ಮಾವ ಅಂದ್ರೆ? ನಿಮ್ಮ ಹೆಂಡತಿಯ ತಂದೆಯಾ?"

"ಅಯ್ಯೋ, ಇಲ್ಲ. ಅವರು ಪೇಟೆಗೆಲ್ಲ ಮಾವ. ರತ್ನಪರೀಕ್ಷಕರು. ಅವರು ಅಸಲಿ ಅಂದ್ರೆ ಅಸಲಿ, ನಕಲಿ ಅಂದ್ರೆ ನಕಲಿ. ಅದರ ಮೇಲೆ ಅಪೀಲಿಲ್ಲ."

ಮೂಲೆಯ ಮೇಜಿನ ಹಿಂದಿದ್ದ ಮುದುಕ ಎದ್ದು ನಿಂತ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಣ್ಣದ ಗಾಜಿನ ಕನ್ನಡಕ. ಉಂಗುರ ತೆಗೆದುಕೊಂಡು ಭೂತಗನ್ನಡಿ ಹಿಡಿದ, ದೀಪದ ಕಡೆ ಹೊರಳಿಸಿದ. ಆಮೇಲೆ ಹರಳನ್ನು ಕೆಳತುಟಿಗೆ ಒತ್ತಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತ.

"ತಣ್ಣಗಿದೆ. ಅಸಲಿ ನೀಲ ತಾಯಿ. ಬಿಚ್ಚಿದ್ದೂ ಇದೇ, ಕೂರಿಸಿದ್ದೂ ಇದೇ."

"ಆಣೆ ಇಟ್ಟು ಹೇಳ್ತೀರಾ?"

"ಐವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ."

ಅವನ ಬೆನ್ನ ಹಿಂದೆ ಅಕ್ಕಸಾಲಿ ತಲೆ ತಗ್ಗಿಸಿ ನಿಂತಿದ್ದ. ಮೂವತ್ತೈದರ ಗಟ್ಟಿ ಆಳು. ಆದರೆ ಕೈಯಲ್ಲಿದ್ದ ಚಿಮಟವನ್ನು ಸುಮ್ಮನೆ ತೆರೆಯುತ್ತ ಮುಚ್ಚುತ್ತ ಇದ್ದ. ಉಂಗುರವನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಮಾವನ ಸಹಿ ಗೆರೆ ಬಿಟ್ಟು ಮೇಲಿನ ಅಚ್ಚಿನ ಅಕ್ಷರಗಳ ಮೇಲೆ ಹತ್ತಿತು. ವಯಸ್ಸು, ಎಂದುಕೊಂಡಳು ಇನ್‌ಸ್ಪೆಕ್ಟರ್.

ರತ್ನ ಪರೀಕ್ಷೆಯ ಪ್ರಯೋಗಾಲಯದ ಅಧಿಕಾರಿಣಿ ಪಂಚರ ಎದುರಿಗೇ ಹರಳನ್ನು ಬಿಚ್ಚಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬನ್ನಿ, ನೀವೇ ನೋಡಿ. ಏನು ಕಾಣುತ್ತೆ?"

"ಗೆರೆಗಳು. ಹಳೇ ಗ್ರಾಮಫೋನ್ ತಟ್ಟೆಯಲ್ಲಿ ಇರುತ್ತಲ್ಲ, ಹಾಗೆ ಬಾಗಿದ ಗೆರೆ. ಅಲ್ಲಲ್ಲಿ ಗುಳ್ಳೆ."

"ಅಷ್ಟೇ ಸಾಕು. ಇದು ಕುಲುಮೆಯಲ್ಲಿ ಹುಟ್ಟಿದ ಕೂಸು. ನೆಲದೊಳಗೆ ಬೆಳೆದ ನೀಲದಲ್ಲಿ ಬಣ್ಣದ ಪಟ್ಟಿ ನೇರವಾಗಿರುತ್ತೆ, ಜೇನುಗೂಡಿನ ಗೋಡೆ ಥರ ಮೂಲೆ ತಿರುಗುತ್ತೆ. ಒಳಗೆ ರೇಷ್ಮೆ ಎಳೆ ಇರುತ್ತೆ, ಮೋಡ ಇರುತ್ತೆ, ಬಿರುಕು ಇರುತ್ತೆ. ಕೊಳ್ಳೋರು ಅದನ್ನ ಕುಂದು ಅಂತಾರೆ. ನಮಗೆ ಅದು ಹುಟ್ಟುಮಚ್ಚೆ. ಒಂದು ಕುಂದೂ ಕಾಣದಷ್ಟು ಶುದ್ಧವಾಗಿದ್ದು, ಕಡಿಮೆ ಬೆಲೆಗೂ ಸಿಗ್ತಿದೆ ಅಂದ್ರೆ ನಾನಂತೂ ಮೊದಲು ಅನುಮಾನ ಪಡ್ತೀನಿ."

ಇನ್‌ಸ್ಪೆಕ್ಟರ್ ಮುದುಕಿಯ ಚಿತ್ರ ತೋರಿಸಿದಳು. ಅಧಿಕಾರಿಣಿ ಕನ್ನಡಕ ಮೇಲೇರಿಸಿಕೊಂಡು ನಕ್ಕಳು. "ಒಳಗೇ ಮಾಯ್ದು ಕೂಡಿಕೊಂಡ ಬಿರುಕು. ಗರಿ ಥರಾನೇ ಇರುತ್ತೆ. ಹರಳು ಸಿಕ್ಕರೆ ಬೇರೆ ಗುರುತೇ ಬೇಡ. ಇನ್ನೊಂದು ನೋಡಿ, ಹರಳು ಕೂರೋ ಮನೆ ಇದಕ್ಕಿಂತ ಕೂದಲೆಳೆ ದೊಡ್ಡದು. ಹಿಡಿದಿರೋ ಹಲ್ಲುಗಳನ್ನ ಒಳಗೆ ಬಗ್ಗಿಸಿ ಸರಿದೂಗಿಸಿದ್ದಾರೆ. ಕೂರಿಸಿದೋನಿಗೆ ಇದು ಗೊತ್ತಾಗದೇ ಇರಲ್ಲ."

"ತುಟಿಗೆ ಇಟ್ಟು ಅಸಲಿ ನಕಲಿ ಹೇಳಬಹುದಾ?"

"ಗಾಜಾದ್ರೆ ಹೇಳಬಹುದು, ಬೇಗ ಬೆಚ್ಚಗಾಗುತ್ತೆ. ಕುಲುಮೆಯ ನೀಲ, ನೆಲದ ನೀಲ ಎರಡೂ ಒಂದೇ ಪದಾರ್ಥ. ಒಂದೇ ತಣುಪು, ಒಂದೇ ತೂಕ. ಅಲ್ಲಿ ಕಣ್ಣೇ ಬೇಕು."

ಕೊನೆಯ ಮಾತು ಇನ್‌ಸ್ಪೆಕ್ಟರ ಕಿವಿಯಲ್ಲಿ ಉಳಿಯಿತು. ಹೊರಡುವ ಮುಂಚೆ ಆಕೆ ರಸೀದಿ ಬರೆದುಕೊಟ್ಟು ಎರಡು ಹರಳು ಎರವಲು ಪಡೆದಳು.

ಬುಧವಾರ ಅಕ್ಕಸಾಲಿಯನ್ನು ಠಾಣೆಗೆ ಕರೆಸಿದರು. ಹಿಂದೆಯೇ ಮಾಲೀಕ ಓಡಿಬಂದ. "ಇವನದೇ ಕೆಲಸ ಮೇಡಂ, ಬರ್ಕೊಂಡುಬಿಡಿ. ಅಂಗಡಿ ಮುಂದೆ ಜನ ಗುಂಪು ಕಟ್ತಿದ್ದಾರೆ" ಎಂದ. ಇನ್‌ಸ್ಪೆಕ್ಟರ್ ಅವನಿಗೆ ಬಾಗಿಲು ತೋರಿಸಿದಳು.

"ಹರಳು ಮನೆಗಿಂತ ಚಿಕ್ಕದಿತ್ತು. ಗೊತ್ತಾಗಲಿಲ್ವಾ?"

ಅವನು ತಲೆ ತಗ್ಗಿಸಿದ.

"ಗೊತ್ತಾದ್ರೂ ಹಲ್ಲು ಬಗ್ಗಿಸಿ ಕೂರಿಸಿದೆ. ಯಾಕೆ?"

ಅಕ್ಕಸಾಲಿ ಅಂಗೈ ನೋಡಿಕೊಂಡ. ದಫೇದಾರರು ನೀರಿನ ಲೋಟ ಮುಂದಿಟ್ಟರು, ಅವನು ಮುಟ್ಟಲಿಲ್ಲ.

"ನಾನೇ ಬದಲಾಯಿಸಿದೆ ಅಂತ ಬರ್ಕೊಳ್ಳಿ" ಎಂದ ಕೊನೆಗೆ.

"ಅಸಲಿ ಎಲ್ಲಿ?"

ಅವನು ಬಾಗಿಲ ಕಡೆ ನೋಡಿದ.

"ಯಾರಿಗೆ ಮಾರಿದೆ?"

ದಫೇದಾರರು ಕೆಮ್ಮಿದರು. "ಕದ್ದೋನಿಗೆ ಮಾಲೆಲ್ಲಿದೆ ಅಂತಾದ್ರೂ ಗೊತ್ತಿರ್ಬೇಕು ಕಣಪ್ಪ."

ಇನ್‌ಸ್ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡಳು. "ಅದು ಬಿಡು. ಮಾವ ಹರಳನ್ನ ತುಟಿಗೆ ಇಡೋದು ಮೊದಲಿಂದಲೂ ಇತ್ತಾ?"

ಅವನು ಬೆಂಕಿ ತಾಕಿದವನಂತೆ ತಲೆಯೆತ್ತಿದ. ಅವನ ಕಣ್ಣು ತುಂಬಿಬಂತು.

"ಎರಡು ವರ್ಷದಿಂದ" ಎಂದ. "ಮೇಡಂ, ಊಟಕ್ಕಿಲ್ಲದಾಗ ನನ್ನ ಕೈಗೆ ಚಿಮಟ ಕೊಟ್ಟೋರು ಅವರು. ಅವರ ಬಗ್ಗೆ ನನ್ನ ಬಾಯಿಂದ ಏನೂ ಹೊರಡಿಸ್ಬೇಡಿ."

ಹೊರಡಬೇಕಾದದ್ದು ಆಗಲೇ ಹೊರಟಿತ್ತು.

ಅರ್ಧ ಗಂಟೆಯಲ್ಲಿ ಮಾವ ಬಂದ. ಒಂದು ಅಭಿಪ್ರಾಯ ಬೇಕಿತ್ತು ಎಂದಷ್ಟೇ ಹೇಳಿ ಕರೆಸಿದ್ದರು. ಕಿಟಕಿಯ ಬೆಳಕು ಬೀಳುವ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಇನ್‌ಸ್ಪೆಕ್ಟರ್ ಎರವಲು ತಂದ ಹರಳುಗಳನ್ನು ಇಟ್ಟಳು. ಮಾವ ಭೂತಗನ್ನಡಿ ತೆಗೆದ. ಮೊದಲನೆಯದನ್ನು ಹೊರಳಿಸಿ ಹೊರಳಿಸಿ ನೋಡಿದ, ತುಟಿಗಿಟ್ಟ. ಎರಡನೆಯದಕ್ಕೂ ಅದೇ ಶಾಸ್ತ್ರ. ಅವನ ಬೆರಳುಗಳು ಹಾಳೆಯ ಅಂಚನ್ನು ಮೆಲ್ಲಗೆ ತಡವುತ್ತ ಹರಳನ್ನು ತಲುಪುತ್ತಿದ್ದವು. ಇನ್‌ಸ್ಪೆಕ್ಟರ್ ನೋಡುತ್ತಿದ್ದದ್ದು ಆ ಬೆರಳುಗಳನ್ನು.

"ಎರಡೂ ಅಸಲಿ. ಒಳ್ಳೆ ನೀಲ."

"ಬಣ್ಣ?"

"ಒಂದು ಸ್ವಲ್ಪ ಗಾಢ, ಅಷ್ಟೇ. ನೀರು, ಅಂದ್ರೆ ಹೊಳಪು, ಚೆನ್ನಾಗಿದೆ."

ದಫೇದಾರರ ಗಂಟಲಿನಿಂದ ಕೆಮ್ಮೂ ಹೊರಡಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಮಾವ," ಎಂದಳು ಇನ್‌ಸ್ಪೆಕ್ಟರ್. ತನ್ನ ಬಾಯಿಂದಲೂ ಪೇಟೆಯವರ ಆ ಕರೆ ಬಂದದ್ದು ಆಕೆಗೇ ಆಶ್ಚರ್ಯ. "ಎರಡೂ ನೀಲದ ಜಾತಿಯದೇ, ಅಸಲಿಯೇ. ಆದ್ರೆ ಒಂದು ಹಸಿರು."

ಮಾವ ಅಲುಗಾಡಲಿಲ್ಲ. ಸಿಕ್ಕಿಬಿದ್ದವರು ಕೂಗಾಡುವುದನ್ನೂ ಕಾಲು ಹಿಡಿಯುವುದನ್ನೂ ಆಕೆ ಕಂಡಿದ್ದಳು. ಈ ಮುದುಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಅಷ್ಟೇ. ಅದಿಲ್ಲದೆ ಅವನ ಮುಖ ಬಟ್ಟೆ ಕಳಚಿದಂತಿತ್ತು.

"ಯಾವುದು ಹಸಿರು?" ಎಂದು ಕೇಳಿದ.

"ಎಡಗೈಲಿರೋದು."

ಅವನು ಅದನ್ನು ಬಹಳ ಜೋಪಾನವಾಗಿ ಹಾಳೆಯ ಮೇಲೆ ಇಟ್ಟ.

"ಆ ಅಕ್ಕಸಾಲಿ ತಪ್ಪು ತನ್ನದು ಅಂತ ಒಪ್ಕೊಂಡಿದ್ದಾನೆ. ಜೈಲಿಗೆ ಹೋಗೋಕೂ ತಯಾರು. ಕಳಿಸ್ಲಾ?"

"ಬೇಡ." ಅದೊಂದು ಮಾತು ಮಾತ್ರ ಜೋರಾಗಿ ಬಂತು. "ಅವನನ್ನ ಬಿಟ್ಬಿಡಿ. ಹರಳು ಒಬ್ಬ ಗುತ್ತಿಗೆದಾರರ ಹತ್ರ ಇದೆ."

ಪೇಟೆಯ ಹಳೆಯ ಗಿರಾಕಿಯಾದ ಆ ಗುತ್ತಿಗೆದಾರ, ಮಾವ ಅಸಲಿ ಎಂದ ಒಂದೇ ಮಾತಿಗೆ ಒಂದು ಬಿಡಿ ನೀಲ ಕೊಂಡಿದ್ದ. ಅದನ್ನು ಅಂಗಡಿಗೆ ತಂದ ವ್ಯಾಪಾರಿ ಬೇರೆಡೆ ನಕಲಿ ಮಾರಿ ಸಿಕ್ಕಿಬಿದ್ದನೆಂದು ಆಮೇಲೆ ಸುದ್ದಿ ಬಂತು. ಅಷ್ಟರಲ್ಲೇ ಗುತ್ತಿಗೆದಾರ, ಹೊರಗಿನ ಪ್ರಯೋಗಾಲಯದಿಂದ ಸರ್ಟಿಫಿಕೇಟ್ ಮಾಡಿಸುತ್ತೇನೆ ಎಂದ. ಕಳಿಸುವ ಮುಂಚೆ ಒಮ್ಮೆ ತೊಳೆದುಕೊಡುತ್ತೇನೆಂದು ಮಾವ ಹರಳನ್ನು ತರಿಸಿಕೊಂಡಿದ್ದ. ಅದೇ ವಾರ ಮುದುಕಿಯ ಉಂಗುರವೂ ಬಂದಿತ್ತು, ಅದೇ ಆಕಾರ, ಹೆಚ್ಚುಕಡಿಮೆ ಅದೇ ತೂಕ. ಎರಡು ಪೊಟ್ಟಣ ಅದಲುಬದಲು, ಒಂದು ಕ್ಷಣದ ಕೆಲಸ.

ಇನ್‌ಸ್ಪೆಕ್ಟರ್ ಆಗಲೇ ಫೋನಿನಲ್ಲಿದ್ದಳು.

"ಹೌದು ಮೇಡಂ, ಅಸಲಿ ಅಂತ ಸರ್ಟಿಫಿಕೇಟ್ ಬಂತು" ಎಂದ ಗುತ್ತಿಗೆದಾರ ಹಿಗ್ಗಿನಿಂದ. "ಒಂದು ಮೂಲೇಲಿ ಬಿಳಿ ಕಲೆ ಇತ್ತು. ಅದನ್ನ ತೆಗೆಸಿದ್ರೆ ಬೆಲೆ ಏರುತ್ತೆ ಅಂದ್ರು. ಬೆಳಿಗ್ಗೆ ಸಾಣೆಗೆ ಕೊಟ್ಟೆ."

"ಎಲ್ಲಿ? ನಿಲ್ಲಿಸೋಕೆ ಹೇಳಿ ತಕ್ಷಣ!"

"ಪೇಟೆಯ ಆಚೆ ತುದಿ, ಮೂರನೇ ಮಹಡಿ. ಆದ್ರೆ ಅವನು ಕೆಲಸಕ್ಕೆ ಕೂತ್ರೆ ಫೋನ್ ಎತ್ತಲ್ಲ ಮೇಡಂ."

ಜೀಪು ಪೇಟೆಯ ನಡುವೆ ಸಿಕ್ಕಿಕೊಂಡಿತು. ಮುಂದೆ ಸಿಮೆಂಟಿನ ಲಾರಿ, ಹಿಂದೆ ಬಸ್ಸು. ಆ ಕಲೆ ಹೋದರೆ ಆ ಹರಳು ಮುದುಕಿಯದೆಂದು ಹೇಳಬಲ್ಲದ್ದು ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ಕೋರ್ಟಿನಲ್ಲಿ ಮುದುಕಿ ಮರುಳಾಗಿಯೇ ಉಳಿಯುತ್ತಾಳೆ, ಸೊಸೆ ಕಳ್ಳಿಯಾಗಿಯೇ. ಇನ್‌ಸ್ಪೆಕ್ಟರ್ ಬಾಗಿಲು ತೆರೆದು ಕೆಳಗೆ ಹಾರಿ ಓಡತೊಡಗಿದಳು. ದಫೇದಾರರು ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಓಡಿದರು.

ಮೂರನೆಯ ಮಹಡಿಯ ಉದ್ದ ಕೋಣೆಯಲ್ಲಿ ಸಾಲಾಗಿ ಸಾಣೆಗಳು ತಿರುಗುತ್ತಿದ್ದವು. ತಿರುಗುವ ಚಕ್ರಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲ. ಕೊನೆಯ ಮೇಜಿನಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡವನೊಬ್ಬ ಅರಗಿನಿಂದ ಕೋಲಿನ ತುದಿಗೆ ಅಂಟಿಸಿದ ನೀಲಿ ಹರಳನ್ನು ಚಕ್ರಕ್ಕೆ ಒತ್ತುತ್ತಿದ್ದ. ಇನ್‌ಸ್ಪೆಕ್ಟರ್ ಕೂಗಿದಳು. ಅವನು ತಲೆಯೆತ್ತಲಿಲ್ಲ. ಮೇಜುಗಳ ಸಂದಿಯಲ್ಲಿ ನುಗ್ಗಲು ದಾರಿಯಿರಲಿಲ್ಲ.

ಅಷ್ಟರಲ್ಲಿ ಎಲ್ಲ ಚಕ್ರಗಳೂ ಒಟ್ಟಿಗೆ ನಿಧಾನವಾಗಿ, ನರಳಿ, ನಿಂತವು. ಬಾಗಿಲ ಬಳಿ ದಫೇದಾರರು ಏದುಸಿರು ಬಿಡುತ್ತ ಕರೆಂಟಿನ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಕೆಮ್ಮಿದ್ರೆ ಕೇಳಿಸ್ತಿರಲಿಲ್ಲ ಮೇಡಂ" ಎಂದರು.

ಸಾಣೆಯವನು ಗಾಬರಿಯಿಂದ ಕೈಯೆತ್ತಿದ. ಹರಳಿನ ಒಂದು ಅಂಚು ಮಾತ್ರ ತೇಯ್ದು ಮಂಕಾಗಿತ್ತು. ಇನ್‌ಸ್ಪೆಕ್ಟರ್ ಕೋಲಿನ ಸಮೇತ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದಳು. ಮೊದಲು ಆಳವಾದ ನೀಲಿ ಮಾತ್ರ ಕಂಡಿತು, ಬೆಳಗಾಗುವ ಮುಂಚಿನ ಆಕಾಶದಂಥದ್ದು. ಇನ್ನಷ್ಟು ವಾಲಿಸಿದಾಗ, ತೇಯ್ದ ಅಂಚಿಗೆ ತಾಗಿಕೊಂಡೇ, ಬಿಳಿಯ ರೆಕ್ಕೆಯೊಂದು ಮಿಂಚಿತು. ಪಕ್ಕದಲ್ಲಿ ಮುರಿದದ್ದು. ಕುಂದು ಎಂದು ತೇಯಿಸಿ ಹಾಕಲು ಹೊರಟ ಆ ಕಲೆಯನ್ನು ಆಕೆ ಕರ್ತವ್ಯ ಮರೆತು ಸ್ವಲ್ಪ ಹೊತ್ತು ನೋಡುತ್ತಲೇ ನಿಂತಳು. ಪಂಚನಾಮೆಯಲ್ಲಿ ಅದು, "ಬಲ ಅಂಚಿನಲ್ಲಿ ಗರಿಯಾಕಾರದ ಬಿಳಿ ಗುರುತು" ಎಂದು ದಾಖಲಾಯಿತು.

ಗುರುವಾರ ಪಂಚರ ಮುಂದೆ, ಮುದುಕಿಯ ಕಿಟಕಿಯ ಬಳಿ, ಹಾಳೆಯ ಮೇಲೆ ಐದು ನೀಲಿ ಹರಳುಗಳನ್ನಿಟ್ಟರು. ಸೊಸೆ ಹೊಸ್ತಿಲಾಚೆ ನಿಂತಿದ್ದಳು. ಮುದುಕಿ ಒಂದೊಂದನ್ನೇ ಎತ್ತಿ, ವಾಲಿಸಿ, ಕೆಳಗಿಟ್ಟಳು. ನಾಲ್ಕನೆಯದನ್ನು ಮಾತ್ರ ಕೆಳಗಿಡಲಿಲ್ಲ. ಮುಷ್ಟಿಯಲ್ಲಿ ಹಿಡಿದು ಎದೆಗೊತ್ತಿಕೊಂಡಳು. ಪಂಚರಲ್ಲೊಬ್ಬರು ಕಣ್ಣೊರೆಸಿಕೊಂಡರು. ಕೇಸು ಮುಗಿಯುವವರೆಗೆ ಹರಳು ಕೋರ್ಟಿನಲ್ಲಿರಬೇಕೆಂದು ಹೇಳಿ ಅದನ್ನು ಬಿಡಿಸಿಕೊಳ್ಳುವುದು ಇನ್‌ಸ್ಪೆಕ್ಟರಿಗೆ ಕಷ್ಟವಾಯಿತು.

ಆಗ ಮುದುಕಿಯ ಕಣ್ಣು ಹೊಸ್ತಿಲ ಕಡೆ ಹೋಯಿತು.

"ಅಲ್ಯಾಕೆ ನಿಂತಿದ್ದೀಯಾ? ಎರಡು ದಿನದಿಂದ ಎಲ್ಲಿ ಹೋಗಿದ್ದೆ? ಯಾರಾದ್ರೂ ಏನಾದ್ರೂ ಅಂದ್ರೇನೇ?"

ಸೊಸೆ ಒಳಗೆ ಬಂದು ಅವಳ ಕಾಲ ಬಳಿ ಕೂತಳು. ಅಳುವೋ ನಗುವೋ ತಿಳಿಯದ ದನಿಯಲ್ಲಿ, "ಇಲ್ಲ ಅತ್ತೆ, ಯಾರೂ ಏನೂ ಅಂದಿಲ್ಲ" ಎಂದಳು. ಗಂಡ ಬಾಗಿಲಲ್ಲೇ ಉಳಿದ. ಅವಳು ಅವನ ಕಡೆ ನೋಡಲಿಲ್ಲ.

ಅದೇ ಮಧ್ಯಾಹ್ನ ಮಾವನನ್ನು ಬಂಧಿಸಲಾಯಿತು. ಅಕ್ಕಸಾಲಿ ಸಾಕ್ಷಿ ಹೇಳಿಕೆ ಕೊಟ್ಟು, ಹೊರಗಿನ ಬೆಂಚಿನಲ್ಲಿ ಕೂತಿದ್ದ.

"ಪೇಟೆಯಲ್ಲಿ ಅಷ್ಟು ಗಿರಾಕಿಗಳು. ಆ ಉಂಗುರಾನೇ ಯಾಕೆ?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ಅದು ಅಸಲಿ ಅಂತ ನಂಗೆ ಗೊತ್ತಿತ್ತು. ಕಣ್ಣು ಸರಿಯಿದ್ದಾಗ ಆಯಮ್ಮ ಒಂದ್ಸಲ ತಂದಿದ್ರು, ನೋಡಿದ್ದೆ. ಈಗಿನ ಯಾವ ಹರಳನ್ನೂ ನಾನು ನಂಬೋ ಹಾಗಿರಲಿಲ್ಲ." ಉಳಿದದ್ದನ್ನೂ ಹೇಳಿದ. "ಅವರಿಗೆ ನೆನಪಿಲ್ಲ ಅಂತ ಸೊಸೆ ಅಂಗಡೀಲಿ ಮಾತಿಗೆ ಹೇಳಿದ್ಲು. ಅವರ ಮಾತು ಯಾರೂ ನಂಬಲ್ಲ ಅನ್ಕೊಂಡೆ."

ಇನ್‌ಸ್ಪೆಕ್ಟರ ಕೋಪ ನೆತ್ತಿಗೇರಿತು. "ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ನಮ್ಮಪ್ಪನೂ ಪರೀಕ್ಷಕ. ಕಣ್ಣು ಹೋದ ಮೇಲೆ ಅಂಗಡಿ ಬಾಗಿಲಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದ್ರು. ಹೋಗ್ತಾ ಬರ್ತಾ ಜನ ಕೈಗೆ ಗಾಜಿನ ಚೂರು ಕೊಟ್ಟು, ಹೇಳಿ ಮಾವ ಇದೇನು ರತ್ನ ಅಂತ ನಗೋರು. ಹನ್ನೊಂದು ವರ್ಷ ಕೂತಿದ್ರು. ಆ ಕುರ್ಚಿ ನಂಗೂ ಬಂತು ಅನ್ಕೊಂಡೆ. ಡಾಕ್ಟರ ಹತ್ರ ಹೋಗ್ಲಿಲ್ಲ. ಹೋದ್ರೆ ಪೇಟೆಗೆಲ್ಲ ಗೊತ್ತಾಗೋದು."

ಬಂಧಿತರಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ. ಆಸ್ಪತ್ರೆಯ ಕಣ್ಣಿನ ವೈದ್ಯೆ ಮಾವನ ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿದಳು, ಚೀಟಿಯಲ್ಲಿ ಎರಡು ಸಾಲು ಬರೆದಳು.

"ಪೊರೆ ಅಷ್ಟೇ. ಹಣ್ಣಾಗಿದೆ. ಪೊರೆ ಹಳದಿಗಟ್ಟಿದ್ರೆ ನೀಲಿ ಬಣ್ಣ ಮೊದಲು ಮಂಕಾಗುತ್ತೆ. ಯಾಕಜ್ಜ ಇಷ್ಟು ದಿನ ಬಿಟ್ಕೊಂಡ್ರಿ? ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು."

ಮಾವ ದನಿ ಬಂದ ಕಡೆ ಮುಖವೆತ್ತಿದ.

"ಮತ್ತೆ ಕಾಣುತ್ತಾ?"

"ಯಾಕೆ ಕಾಣಲ್ಲ? ಚೆನ್ನಾಗಿ ಕಾಣುತ್ತೆ."

ಅವನು ಮಡಿಲಲ್ಲಿದ್ದ ಎರಡೂ ಕೈಗಳನ್ನು ಮೇಲಕ್ಕೆತ್ತಿ ಮುಖದ ಮುಂದೆ ಹಿಡಿದುಕೊಂಡು, ಬೆರಳುಗಳನ್ನು ಅಗಲಿಸಿ ನೋಡುತ್ತ ಕೂತ. ಹೊರಡುವ ಹೊತ್ತಾಗಿತ್ತು. ಇನ್‌ಸ್ಪೆಕ್ಟರ್ ಅವಸರಪಡಿಸಲಿಲ್ಲ.